ಮಾರುವ ಮಾತಿನ ಮೊದಲ ಸಾಲು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಸದಸ್ಯರ ತರಬೇತಿ ಶಿಬಿರದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಬೆಳ್ಳಿಹಬ್ಬ ಅಂದ ಮೇಲೆ ಸಾಲ, ಶೇರು, ಠೇವಣಿ, ಗೊಬ್ಬರ ಇವುಗಳ ಬಗ್ಗೆ ಮಾತಾಡುವುದು ವಾಡಿಕೆ. ಅವನ್ನೆಲ್ಲಾ ನನಗಿಂತ ಮುಂಚೆ ಮಾತಾಡಿದ ಹಿರಿಯರು ಚೆನ್ನಾಗಿ ಹೇಳಿದ್ದಾರೆ. ನನಗೆ ಕೊಟ್ಟಿರುವ ವಿಷಯ ಬೇರೆ. ಆನ್‌ಲೈನಿನಲ್ಲಿ, ಅಂದರೆ ಫೋನಿನ ಮೂಲಕ ನಮ್ಮ ಮಾಲು ಮಾರುವಾಗ ಬರೆಯುವ ಬರಹದ ಮೊದಲ ಸಾಲು ಹೇಗಿರಬೇಕು ಅನ್ನುವುದು. ಇದೇನು ಒಂದು ಸಾಲಿಗೆ ಒಂದು ಭಾಷಣವಾ ಅಂತ ಕೆಲವರಿಗೆ ನಗು ಬರಬಹುದು. ಆದರೆ ಬೆಲ್ಲ, ರಾಗಿಹಿಟ್ಟು, ಗಾಣದ ಎಣ್ಣೆ ಇವನ್ನು ನಾವೇ ನೇರ ಮಾರಬೇಕು ಅಂತ ಸಂಘದಲ್ಲಿ ತೀರ್ಮಾನ ಆದ ಮೇಲೆ, ಈ ಒಂದು ಸಾಲಿನ ಮೇಲೆ ನಮ್ಮ ಸದಸ್ಯರ ಎಷ್ಟೋ ತಿಂಗಳ ದುಡಿಮೆ ನಿಂತಿದೆ. ಆದ್ದರಿಂದ ಸ್ವಲ್ಪ ಸಮಾಧಾನವಾಗಿ ಕೇಳಬೇಕೆಂದು ಕೋರುತ್ತೇನೆ.

ಸಹಕಾರ ಅನ್ನುವುದು ನಮ್ಮ ನಾಡಿಗೆ ಹೊಸದಲ್ಲ. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲೇ ಕೃಷಿ ಪತ್ತಿನ ಸಂಘ ಕಟ್ಟಿದರು. ಅಂದು ರೈತನ ಕಷ್ಟ ಸಾಲದ್ದು. ಸಾಹುಕಾರನ ಬಡ್ಡಿಯಿಂದ ಬಿಡಿಸಿದರೆ ಸಾಕಾಗಿತ್ತು. ಇಂದು ಸಾಲ ಸಂಘದಲ್ಲಿ ಸಿಗುತ್ತದೆ, ಗೊಬ್ಬರ ಸಿಗುತ್ತದೆ. ಬೆಳೆದದ್ದಕ್ಕೆ ಬೆಲೆ ಸಿಗುವುದು ಕಷ್ಟ. ಬೆಂಗಳೂರಿನಲ್ಲಿ ಒಳ್ಳೆ ಬೆಲ್ಲ ಬೇಕು ಅಂತ ಹುಡುಕುವ ಮನೆಗಳಿವೆ. ಇಲ್ಲಿ ಒಳ್ಳೆ ಬೆಲ್ಲ ಮಾಡಿ ಬೆಲೆ ಇಲ್ಲ ಅಂತ ಕೂತಿರುವ ಆಲೆಮನೆಗಳಿವೆ. ನಡುವೆ ನೂರು ಕಿಲೋಮೀಟರು. ಈ ನೂರು ಕಿಲೋಮೀಟರಿನಲ್ಲಿ ಮಾಲು ಕೈ ಬದಲಾದಷ್ಟು ಸಲವೂ ಬೆಲೆ ಏರುತ್ತದೆ, ನಮ್ಮ ಪಾಲಿಗೆ ಮಾತ್ರ ಬರುವುದಿಲ್ಲ. ಕೈ ಕಡಿಮೆ ಮಾಡಬೇಕಾದರೆ ಮಾತು ನೇರ ಆಗಬೇಕು.

ಸಂತೆಗೂ ಫೋನಿಗೂ ಇರುವ ವ್ಯತ್ಯಾಸ

ಸಂತೆಯಲ್ಲಿ ಬೆಲ್ಲ ಮಾರುವವನು ಹೆಚ್ಚು ಮಾತಾಡಬೇಕಾಗಿಲ್ಲ. ಗಿರಾಕಿ ಬಂದು ಮುಟ್ಟಿ ನೋಡುತ್ತಾನೆ, ಮೂಸಿ ನೋಡುತ್ತಾನೆ. ಒಂದು ಚೂರು ಮುರಿದು ಕೊಟ್ಟರೆ ಬಾಯಿಗೆ ಹಾಕಿಕೊಂಡು ಉಪ್ಪುಪ್ಪಾಗಿದೆಯೋ ಇಲ್ಲವೋ ಅಂತ ತಾನೇ ತೀರ್ಮಾನ ಮಾಡುತ್ತಾನೆ. ಫೋನಿನಲ್ಲಿ ಮುಟ್ಟುವುದಕ್ಕಿಲ್ಲ, ಮೂಸುವುದಕ್ಕಿಲ್ಲ, ರುಚಿ ನೋಡುವುದಕ್ಕಿಲ್ಲ. ಇರುವುದು ಒಂದು ಫೋಟೋ ಮತ್ತು ನಮ್ಮ ಮಾತು. ಸಂತೆಯಲ್ಲಿ ಕೊಡುವ ಆ ಚೂರು ಬೆಲ್ಲದ ಕೆಲಸವನ್ನು ಫೋನಿನಲ್ಲಿ ಮೊದಲ ಸಾಲು ಮಾಡಬೇಕು.

ಎಲ್ಲಾ ಸಾಲು ಬಿಟ್ಟು ಮೊದಲನೆಯದೇ ಯಾಕೆ ಅಂತ ಕೇಳಬಹುದು. ನಿಮ್ಮ ನಿಮ್ಮ ಫೋನನ್ನೇ ಜ್ಞಾಪಿಸಿಕೊಳ್ಳಿ. ವಾಟ್ಸಾಪಿಗೆ ಒಂದು ಸಂದೇಶ ಬಂದರೆ ಪರದೆಯ ಮೇಲೆ ಮೊದಲು ಕಾಣುವುದು ಆರಂಭದ ಕೆಲವೇ ಪದಗಳು. ತೆರೆಯಬೇಕೋ ಬೇಡವೋ ಅನ್ನುವುದು ಅಷ್ಟರಲ್ಲೇ ತೀರ್ಮಾನ. ತೆರೆದ ಮೇಲೂ ಉದ್ದದ ಬರಹವಾದರೆ ಒಂದಷ್ಟು ತೋರಿಸಿ, ಉಳಿದದ್ದಕ್ಕೆ 'ಮುಂದೆ ಓದಿ' ಅಂತ ಒತ್ತಬೇಕಾಗುತ್ತದೆ. ಫೇಸ್‌ಬುಕ್ಕಿನಲ್ಲೂ ಇನ್‌ಸ್ಟಾಗ್ರಾಮಿನಲ್ಲೂ ಹೀಗೇ. ಒಂದೆರಡು ಸಾಲು ಮಾತ್ರ ಹೊರಗೆ, ಮಿಕ್ಕಿದ್ದು ಒಳಗೆ. ಒತ್ತುವವರು ಒತ್ತುತ್ತಾರೆ, ಹೆಚ್ಚಿನವರು ಹೆಬ್ಬೆರಳಿನಲ್ಲಿ ಮೇಲಕ್ಕೆ ತಳ್ಳಿ ಮುಂದಕ್ಕೆ ಹೋಗುತ್ತಾರೆ. ಅವರನ್ನು ಬೈಯುವಂತಿಲ್ಲ, ನಾವೂ ಹಾಗೇ ಮಾಡುತ್ತೇವೆ.

ಈಗ ನಾವು ಬರೆಯುತ್ತಿರುವುದು ಹೇಗಿದೆ?

ನಮ್ಮ ಸುತ್ತಮುತ್ತಲ ಸಂಘಗಳಿಂದ, ರೈತರ ಗುಂಪುಗಳಿಂದ ಬರುವ ಸಂದೇಶಗಳನ್ನು ನೋಡುತ್ತಿರುತ್ತೇನೆ. ಬಹಳಷ್ಟು ಹೀಗೆ ಶುರುವಾಗುತ್ತವೆ: "ಆತ್ಮೀಯ ಗ್ರಾಹಕ ಬಂಧುಗಳಿಗೆ ನಮಸ್ಕಾರಗಳು. ನಮ್ಮ ಸಂಘವು ರೈತರ ಸರ್ವಾಂಗೀಣ ಅಭಿವೃದ್ಧಿಯ ಸದುದ್ದೇಶದಿಂದ ಸ್ಥಾಪನೆಗೊಂಡು..." ಇಷ್ಟು ಓದುವಷ್ಟರಲ್ಲಿ ಬೆಂಗಳೂರಿನ ಆ ತಾಯಿ ಮಗುವಿಗೆ ಡಬ್ಬಿ ಕಟ್ಟಿ, ಬಸ್ಸಿಗೆ ಹತ್ತಿಸಿ ಬಂದಿರುತ್ತಾಳೆ. ಬೆಲ್ಲ ಅನ್ನುವ ಪದ ಐದನೇ ಸಾಲಿನಲ್ಲಿದೆ, ಬೆಲೆ ಹತ್ತನೇ ಸಾಲಿನಲ್ಲಿದೆ, ಫೋನ್ ನಂಬರು ಫೋಟೋದ ಮೂಲೆಯಲ್ಲಿ ಕಾಣದ ಹಾಗಿದೆ.

ನಮಸ್ಕಾರ ಹೇಳುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಅದು ನಮ್ಮ ಸಂಸ್ಕಾರ. ಆದರೆ ಸಂಘದ ಚರಿತ್ರೆ ಈ ಸ್ಮರಣ ಸಂಚಿಕೆಯಲ್ಲಿ ಇರಲಿ, ಮಾರುವ ಸಂದೇಶದಲ್ಲಿ ಬೇಡ. ಕೊಳ್ಳುವವರಿಗೆ ಮೊದಲು ಬೇಕಾದದ್ದು ತಮ್ಮ ಮನೆಯ ವಿಚಾರ, ನಮ್ಮದಲ್ಲ.

ಇನ್ನೊಂದು ಜಾತಿಯ ಸಂದೇಶ ಇದೆ. "ಶುದ್ಧ! ಸಹಜ! ನೂರಕ್ಕೆ ನೂರು ಗುಣಮಟ್ಟ! ಹಿಂದೆಂದೂ ಕಂಡಿರದ ಅವಕಾಶ!" ಇದನ್ನು ಬೆಲ್ಲಕ್ಕೂ ಬರೆಯಬಹುದು, ಸೋಪಿಗೂ ಬರೆಯಬಹುದು, ಸೈಟಿಗೂ ಬರೆಯಬಹುದು. ಯಾವ ಮಾಲಿಗಾದರೂ ಒಪ್ಪುವ ಮಾತು ಯಾವ ಮಾಲನ್ನೂ ಮಾರುವುದಿಲ್ಲ.

ನಮ್ಮ ಹಳೇ ಕಾಲದ ಪ್ರಚಾರವೇ ಇದಕ್ಕಿಂತ ಚೆನ್ನಾಗಿತ್ತು. ನಾಟಕ ಕಂಪನಿಯವರು ಊರಿಗೆ ಬಂದರೆ ಜೀಪಿಗೆ ಮೈಕು ಕಟ್ಟಿಕೊಂಡು ಬರುತ್ತಿದ್ದರು. ಇಂದು ರಾತ್ರಿ, ಇಂಥ ಮೈದಾನದಲ್ಲಿ, ಇಂಥ ನಾಟಕ ಅನ್ನುವುದು ಮೊದಲು. "ಮರೆಯದಿರಿ, ಮರೆತು ನಿರಾಶರಾಗದಿರಿ" ಅನ್ನುವುದು ಆಮೇಲೆ. ಓಡುವ ಜೀಪಿನಿಂದ ಒಂದು ಮನೆಗೆ ಕೇಳಿಸುವುದು ಒಂದೆರಡು ಮಾತು ಮಾತ್ರ ಅಂತ ಆ ಮೈಕಿನವನಿಗೆ ಗೊತ್ತಿತ್ತು. ಫೋನಿನಲ್ಲಿ ಗಿರಾಕಿಯ ಬೆರಳೇ ಜೀಪು. ಅಷ್ಟೇ ವೇಗ.

ಕಪ್ಪು ಬೆಲ್ಲದ ಚರ್ಚೆ

ಈಗ ನಮ್ಮ ಬೆಲ್ಲದ ವಿಚಾರಕ್ಕೆ ಬರುತ್ತೇನೆ. ಮಂಡ್ಯ ಸೀಮೆಯಲ್ಲಿ ಬೆಲ್ಲದ ಬಗ್ಗೆ ಯಾರಿಗೂ ಪಾಠ ಹೇಳಬೇಕಾಗಿಲ್ಲ. ನೂರು ಕೆಜಿ ಕಬ್ಬು ಅರೆದರೆ ಸುಮಾರು ಹತ್ತು ಕೆಜಿ ಬೆಲ್ಲ. ಕೊಪ್ಪರಿಗೆಯಲ್ಲಿ ಹಾಲು ಕುದಿಯುವಾಗ ಸುಣ್ಣ ಹಾಕಿ, ಬೆಂಡೆಗಿಡದ ಲೋಳೆ ಹಾಕಿ, ಮೇಲೆ ಬಂದ ಮಡ್ಡಿ ತೆಗೆದರೆ ಪಾಕ ತಿಳಿಯಾಗುತ್ತದೆ. ಇದು ಹಿರಿಯರು ಮಾಡುತ್ತಿದ್ದ ಕ್ರಮ. ಬಣ್ಣ ಬೆಳ್ಳಗೆ, ಹಳದಿಯಾಗಿ ಬರಲಿ ಅಂತ ಹೈಡ್ರೋಸ್ ಹಾಕುವುದು ಆಮೇಲೆ ಬಂದ ರೂಢಿ. ಅದರಿಂದ ಬೆಲ್ಲದಲ್ಲಿ ಗಂಧಕದ ಅಂಶ ಉಳಿಯುತ್ತದೆ. ಕೆಜಿಗೆ 70 ಮಿಲಿಗ್ರಾಮಿಗಿಂತ ಹೆಚ್ಚು ಗಂಧಕದ ಡೈ ಆಕ್ಸೈಡ್ ಇರಬಾರದು ಅಂತ ಆಹಾರ ಸುರಕ್ಷತೆಯ ನಿಯಮ ಇದೆ.

ನಮ್ಮ ಸಂಘದ ಮೂಲಕ ಮಾರುವ ಬೆಲ್ಲಕ್ಕೆ ಹೈಡ್ರೋಸ್ ಹಾಕುವುದಿಲ್ಲ ಅಂತ ಆಲೆಮನೆಯವರೆಲ್ಲಾ ಒಪ್ಪಿದ್ದಾರೆ. ಹಾಗಾಗಿ ಬೆಲ್ಲ ಕಪ್ಪಗೆ, ಕಂದು ಬಣ್ಣಕ್ಕೆ ಬರುತ್ತದೆ. ಅದನ್ನು ಮಾರುವ ಸಂದೇಶ ಬರೆಯುವಾಗ ಆಡಳಿತ ಮಂಡಳಿಯಲ್ಲಿ ದೊಡ್ಡ ಚರ್ಚೆಯೇ ಆಯಿತು. ಬೆಲ್ಲ ಕಪ್ಪಗಿದೆ ಅಂತ ಮೊದಲ ಸಾಲಿನಲ್ಲೇ ಬರೆಯೋಣ ಅಂತ ಒಂದು ಪಕ್ಷ. "ನಮ್ಮ ಮಾಲಿನ ಐಬು ನಾವೇ ಎತ್ತಿ ಆಡಿದರೆ ಯಾರಪ್ಪಾ ತಗೋತಾರೆ? ಹೆಣ್ಣು ತೋರಿಸೋಕೆ ಕೂತಾಗ ಬಣ್ಣದ ಮಾತು ನಾವೇ ತೆಗೀತೀವಾ?" ಅಂತ ಇನ್ನೊಂದು ಪಕ್ಷ. ಮಾತು ಜೋರಾಗಿಯೇ ನಡೆಯಿತು.

ಆಗ ನಮ್ಮ ಕಾರ್ಯದರ್ಶಿಗಳು ಒಂದು ಕೆಲಸ ಮಾಡಿದರು. ಸಂಘಕ್ಕೆ ಬಂದಿದ್ದ ವಿಚಾರಣೆ ಫೋನುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಅದನ್ನು ಓದಿ ಹೇಳಿದರು. ಕೇಳಿದವರಲ್ಲಿ ಬಹಳ ಜನ ಕೇಳಿದ್ದು ಒಂದೇ ಪ್ರಶ್ನೆ: "ಇದು ಯಾಕೆ ಇಷ್ಟು ಕಪ್ಪಗಿದೆ? ಹಳೇದಾ?" ಅಲ್ಲಿಗೆ ಚರ್ಚೆ ಮುಗಿಯಿತು. ಕೊಳ್ಳುವವರ ಮನಸ್ಸಿನಲ್ಲಿ ಆ ಪ್ರಶ್ನೆ ಹೇಗೂ ಇದೆ. ನಾವು ಮುಚ್ಚಿಟ್ಟರೆ ಅದು ಅನುಮಾನ ಆಗುತ್ತದೆ, ಬಿಚ್ಚಿ ಹೇಳಿದರೆ ಅದೇ ನಂಬಿಕೆ ಆಗುತ್ತದೆ. ಕಡೆಗೆ ಬರೆದ ಸಾಲು ಇದು:

"ಈ ಬೆಲ್ಲ ಕಪ್ಪಗಿದೆ. ಬಿಳಿ ಮಾಡುವ ಹೈಡ್ರೋಸ್ ಹಾಕಿಲ್ಲ, ಅದಕ್ಕೇ."

ಆಮೇಲೆ ಬಂದ ಫೋನುಗಳಲ್ಲಿ ಯಾಕೆ ಕಪ್ಪು ಅನ್ನುವ ಪ್ರಶ್ನೆ ಕಡಿಮೆಯಾಯಿತು. ಐದು ಕೆಜಿ ಕಳಿಸ್ತೀರಾ, ಪಾಯಸಕ್ಕೆ ಹಾಕಿದರೆ ಹಾಲು ಒಡೆಯುತ್ತದಾ ಅನ್ನುವ ಪ್ರಶ್ನೆಗಳು ಬಂದವು. ಇವು ಕೊಳ್ಳುವವರು ಕೇಳುವ ಪ್ರಶ್ನೆಗಳು. ಹಾಲಿನ ಪ್ರಶ್ನೆಗೆ ನಮ್ಮ ಅಕ್ಕಂದಿರೇ ಉತ್ತರ ಕೊಟ್ಟರು: ಒಲೆ ಆರಿಸಿ, ಸ್ವಲ್ಪ ಆರಿದ ಮೇಲೆ ಬೆಲ್ಲದ ಪಾಕ ಸೇರಿಸಿ ಅಂತ.

ಸಾಲು ಎಲ್ಲಿ ಸಿಗುತ್ತದೆ?

ಇದರಿಂದ ನಾನು ಕಲಿತ ಮುಖ್ಯ ಪಾಠ ಒಂದೇ. ಒಳ್ಳೆ ಮೊದಲ ಸಾಲನ್ನು ಕೂತು ಹೊಸೆಯುವುದಕ್ಕೆ ಆಗುವುದಿಲ್ಲ. ಅದು ಎರಡು ಕಡೆ ಬಿದ್ದಿರುತ್ತದೆ. ಒಂದು, ಮಾಲು ತಯಾರಾಗುವ ಜಾಗದಲ್ಲಿ. ಇನ್ನೊಂದು, ಕೊಳ್ಳುವವರ ಬಾಯಲ್ಲಿ. ನಾವು ಹೋಗಿ ಆಯ್ದುಕೊಂಡು ಬರಬೇಕು.

ದೊಡ್ಡ ದೊಡ್ಡವರೂ ಹೀಗೇ ಮಾಡಿದ್ದಾರೆ. ಡೇವಿಡ್ ಓಗಿಲ್ವಿ ಅಂತ ಜಾಹೀರಾತು ಬರೆಯುವುದರಲ್ಲಿ ಜಗತ್ತಿಗೇ ಹೆಸರಾದವರು. 1958ರಲ್ಲಿ ರೋಲ್ಸ್ ರಾಯ್ಸ್ ಕಾರಿಗೆ ಅವರು ಬರೆದ ಜಾಹೀರಾತು ಇಂದಿಗೂ ಪಾಠವಾಗಿದೆ. ಗಂಟೆಗೆ 60 ಮೈಲಿ ವೇಗದಲ್ಲಿ ಓಡುವಾಗ ಆ ಹೊಸ ಕಾರಿನೊಳಗೆ ಕೇಳುವ ಅತಿ ಜೋರಾದ ಸದ್ದು ಗಡಿಯಾರದ್ದು ಅನ್ನುವುದು ಅದರ ತಲೆಬರಹದ ಸಾರಾಂಶ. 'ಅತ್ಯುತ್ತಮ ಕಾರು' ಅಂತ ಬರೆಯಲಿಲ್ಲ. ಕಾರಿನ ವಿಚಾರವಾಗಿ ಮೂರು ವಾರ ಓದಿ, ಅದರಲ್ಲಿದ್ದ ಒಂದು ನಿಜವನ್ನು ಎತ್ತಿ ಮುಂದೆ ಇಟ್ಟರು ಅಷ್ಟೇ. ನಮಗೆ ಮೂರು ವಾರ ಓದಬೇಕಾಗಿಲ್ಲ. ಆಲೆಮನೆಯಲ್ಲಿ ಒಂದು ರಾತ್ರಿ ಕೂತರೆ ಬರೆಯುವಷ್ಟು ನಿಜ ಸಿಗುತ್ತದೆ.

ನಮ್ಮ ನಾಡಿನದೇ ಉದಾಹರಣೆ ಬೇಕಾದರೆ, 2021ರ ಕೊರೋನ ಕಾಲದಲ್ಲಿ ಬಾಳೆಕಾಯಿಗೆ ಬೆಲೆ ಇಲ್ಲದಾಗ 'ಅಡಿಕೆ ಪತ್ರಿಕೆ'ಯ ಶ್ರೀಪಡ್ರೆಯವರು ಬಾಳೆಕಾಯಿ ಹುಡಿ ಮಾಡುವ ವಿಚಾರಕ್ಕೆ ಒತ್ತು ಕೊಟ್ಟರು. ಅದಕ್ಕೆ 'ಬಾಕಾಹು' ಅಂತ ಹೆಸರಾಯಿತು. ಮೂರೇ ಅಕ್ಷರ. ಕೇಳಿದವರೆಲ್ಲಾ ಇದೇನು ಬಾಕಾಹು ಅಂತ ಕೇಳುವವರೇ. ಉತ್ತರ ಕನ್ನಡದ ಮನೆಮನೆಯ ಹೆಣ್ಣುಮಕ್ಕಳು ಹುಡಿ ಮಾಡಿ, ಅದರಿಂದ ತಿಂಡಿ ಮಾಡಿ, ವಾಟ್ಸಾಪ್ ಗುಂಪುಗಳಲ್ಲಿ ಹಂಚಿಕೊಂಡರು. ಬಾಯಲ್ಲಿ ನಿಲ್ಲುವ ಒಂದು ಪದ, ಅದರ ಹಿಂದೆ ನಿಜವಾದ ಕೆಲಸ, ಎರಡೂ ಇದ್ದದ್ದರಿಂದ ಅದು ನಡೆಯಿತು. ಬರೀ ಪದ ಇದ್ದಿದ್ದರೆ ನಡೆಯುತ್ತಿರಲಿಲ್ಲ.

ಯಾರಿಗೆ ಬರೆಯುತ್ತಿದ್ದೇವೆ?

ಇನ್ನೊಂದು ಮುಖ್ಯ ವಿಚಾರ. ನಮಗೆ ಗೊತ್ತಿರುವ ಮಾತೆಲ್ಲಾ ಕೊಳ್ಳುವವರಿಗೆ ಗೊತ್ತಿರುವುದಿಲ್ಲ. ಮಂಡ್ಯ ಮಾರುಕಟ್ಟೆಯಲ್ಲಿ ಅಚ್ಚು, ಬಕೆಟ್, ಕುರಿಕಾಟು ಅಂದರೆ ದಲ್ಲಾಳಿಯಿಂದ ಹಿಡಿದು ಹಮಾಲಿಯವರೆಗೆ ಎಲ್ಲರಿಗೂ ಅರ್ಥವಾಗುತ್ತದೆ. ಬೆಂಗಳೂರಿನ ಬಡಾವಣೆಯಲ್ಲಿ ಕುರಿಕಾಟು ಬೆಲ್ಲ ಅಂದರೆ ಕುರಿಗೂ ಬೆಲ್ಲಕ್ಕೂ ಏನು ಸಂಬಂಧ ಅನ್ನುತ್ತಾರೆ. ಹಾಗೇ ಕಬ್ಬಿನ ತಳಿ ಸಿಒ-62175 ಅಂತಲೋ, ರಾಗಿ ಎಂಎಲ್-365 ಅಂತಲೋ ಮೊದಲ ಸಾಲಿನಲ್ಲಿ ಬರೆದರೆ ಅದು ರೈತರಿಗೆ ಮಾತ್ರ ಅರ್ಥವಾಗುವ ಮಾತು. ಮುದ್ದೆ ಒಡೆಯುವುದಿಲ್ಲ ಅಂತ ಬರೆದರೆ ಎಲ್ಲರಿಗೂ ಅರ್ಥವಾಗುತ್ತದೆ. ತಳಿಯ ಹೆಸರು ಕೆಳಗೆ ಇರಲಿ, ತಿಳಿದವರು ಓದುತ್ತಾರೆ.

ಒಂದೇ ರಾಗಿಹಿಟ್ಟನ್ನು ಮೂರು ಜನರಿಗೆ ಮಾರಬೇಕಾದರೆ ಮೊದಲ ಸಾಲು ಮೂರು ಬೇಕು.

ಮುದ್ದೆ ಮಾಡುವ ಮನೆಗೆ: "ಹೋದ ವಾರ ಬೀಸಿದ ರಾಗಿಹಿಟ್ಟು. ಮುದ್ದೆ ಸಂಜೆಯವರೆಗೂ ಮೆತ್ತಗಿರುತ್ತದೆ."

ಸಣ್ಣ ಮಗು ಇರುವ ಮನೆಗೆ: "ಮಗುವಿಗೆ ಸರಿ ಮಾಡಲು ಮೊಳಕೆ ಕಟ್ಟಿ, ಒಣಗಿಸಿ, ಬಟ್ಟೆಯಲ್ಲಿ ಶೋಧಿಸಿದ ರಾಗಿಹಿಟ್ಟು."

ಮೆಸ್ಸು, ಹೋಟೆಲಿನವರಿಗೆ: "ಪ್ರತಿ ಸೋಮವಾರ 25 ಕೆಜಿ ರಾಗಿಹಿಟ್ಟು ನಿಮ್ಮ ಬಾಗಿಲಿಗೆ. ಕಲ್ಲಿಲ್ಲ, ತೂಕಕ್ಕೆ ಮೋಸವಿಲ್ಲ."

ಹಿಟ್ಟು ಒಂದೇ ಗೋಣಿಯದು. ಮನೆಯವರಿಗೆ ಮೆತ್ತಗಿರುವುದು ಮುಖ್ಯ, ತಾಯಿಗೆ ನುಣುಪು ಮುಖ್ಯ, ಹೋಟೆಲಿನವರಿಗೆ ಹೇಳಿದ ದಿನಕ್ಕೆ ಬರುವುದು ಮುಖ್ಯ. ಯಾರಿಗೆ ಯಾವುದು ಮುಖ್ಯವೋ ಅದು ಮೊದಲು. ಆದರೆ ಹೇಳಿದ್ದನ್ನು ಮಾಡುವ ತಾಕತ್ತು ಇದ್ದರೆ ಮಾತ್ರ ಬರೆಯಬೇಕು. ಸೋಮವಾರ ಅಂತ ಬರೆದು ಬುಧವಾರ ಕಳಿಸಿದರೆ, ಆ ಸಾಲನ್ನು ಬರೆಯದೇ ಇದ್ದದ್ದೇ ಲೇಸು.

ಬರೆಯಬಾರದ ಸಾಲುಗಳು

ಈಗ ಸ್ವಲ್ಪ ಖಾರವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ. ದಯವಿಟ್ಟು ಯಾರೂ ಬೇಜಾರು ಮಾಡಿಕೊಳ್ಳಬಾರದು.

ಮೊದಲ ಸಾಲು ಗಮನ ಸೆಳೆಯಬೇಕು ಅಂದ ತಕ್ಷಣ ಕೆಲವರಿಗೆ ಸುಳ್ಳು ಹೇಳುವ ಆಸೆ ಬರುತ್ತದೆ. "ಈ ರಾಗಿ ತಿಂದರೆ ಸಕ್ಕರೆ ಕಾಯಿಲೆ ವಾಸಿ", "ಈ ಬೆಲ್ಲ ಕ್ಯಾನ್ಸರಿಗೆ ರಾಮಬಾಣ" ಇಂಥವು ದಿನಾ ಫೋನಿನಲ್ಲಿ ಬರುತ್ತಿರುತ್ತವೆ. ರಾಗಿಯಲ್ಲಿ ಸುಣ್ಣದ ಅಂಶ, ನಾರಿನ ಅಂಶ ಚೆನ್ನಾಗಿದೆ ಅನ್ನುವುದು ನಿಜ. ನೂರು ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅದನ್ನು ಬರೆಯಿರಿ. ಕಾಯಿಲೆ ವಾಸಿ ಮಾಡುತ್ತದೆ ಅಂತ ಬರೆಯಬೇಡಿ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಮುಂತಾದ ರೋಗಗಳನ್ನು ಗುಣಪಡಿಸುತ್ತೇವೆ ಅಂತ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿವರೆಗೆ ದಂಡ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೂ ಇದಕ್ಕೆ ಶಿಕ್ಷೆ ಇದೆ. ಫೋನಿನಲ್ಲಿ ಹಾಕಿದ್ದು ಜಾಹೀರಾತಲ್ಲ ಅಂತ ಯಾರೂ ತಿಳಿಯಬಾರದು. ಕಾನೂನು ಹಾಗಿರಲಿ, ನಮ್ಮ ಸಾಲು ನಂಬಿ ಯಾರೋ ಒಬ್ಬರು ಮಾತ್ರೆ ಬಿಟ್ಟು ಬೆಲ್ಲದ ಕಾಫಿ ಕುಡಿದರೆ ಆ ಪಾಪ ಯಾರಿಗೆ?

ಎರಡನೆಯದು, 'ಸಾವಯವ' ಅನ್ನುವ ಪದ. ಗೊಬ್ಬರ ಹಾಕಿ ಬೆಳೆದ ಕಬ್ಬಿನ ಬೆಲ್ಲಕ್ಕೆ ಹೈಡ್ರೋಸ್ ಹಾಕದಿದ್ದರೆ ಅದು ರಾಸಾಯನಿಕ ಹಾಕದೆ ತೆಗೆದ ಬೆಲ್ಲ ಆಗಬಹುದೇ ಹೊರತು ಸಾವಯವ ಬೆಲ್ಲ ಆಗುವುದಿಲ್ಲ. ಎರಡಕ್ಕೂ ವ್ಯತ್ಯಾಸ ಇದೆ. ಸಾವಯವಕ್ಕೆ ದೃಢೀಕರಣದ ಕ್ರಮ ಇದೆ. ಅದು ಇರುವ ಸದಸ್ಯರು ಧೈರ್ಯವಾಗಿ ಬರೆಯಲಿ. ಇಲ್ಲದವರು "ಹೈಡ್ರೋಸ್ ಹಾಕಿಲ್ಲ" ಅಂತ ಮಾತ್ರ ಬರೆಯಲಿ. ಅಷ್ಟೇ ನಿಜ, ಅಷ್ಟೇ ಸಾಕು.

ಮೂರನೆಯದು, "ಇಂದೇ ಕೊನೆಯ ದಿನ, ಹತ್ತೇ ಕೆಜಿ ಉಳಿದಿದೆ" ಅನ್ನುವುದು. ಗೋದಾಮಿನ ತುಂಬಾ ಬೆಲ್ಲ ಇಟ್ಟುಕೊಂಡು ಹೀಗೆ ಬರೆಯುವುದನ್ನು 2023ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿ ಮೋಸದ ತಂತ್ರಗಳ ಪಟ್ಟಿಗೆ ಸೇರಿಸಿದೆ. ನಿಜವಾಗಿ ಮುಗಿಯುತ್ತಿದ್ದರೆ ಹೇಳಬಹುದು, ಹೇಳಲೇಬೇಕು. "ಈ ಹಂಗಾಮಿನ ಕೊನೆಯ ಕೊಪ್ಪರಿಗೆ ಇಳಿಸಿದ್ದೇವೆ, ಇನ್ನು ಬೆಲ್ಲ ಮಳೆ ನಿಂತ ಮೇಲೆ" ಅಂತ ಬರೆದರೆ ಅದಕ್ಕಿಂತ ಒಳ್ಳೆ ಸಾಲು ಯಾವುದಿದೆ? ನಮ್ಮ ಕಸುಬಿನಲ್ಲೇ ಹಂಗಾಮು ಇದೆ, ಸುಗ್ಗಿ ಇದೆ, ಹಬ್ಬ ಇದೆ. ಸಂಕ್ರಾಂತಿ, ಯುಗಾದಿ, ಗೌರಿ-ಗಣೇಶ ಬಂದರೆ ಬೆಲ್ಲ ಬೇಕೇ ಬೇಕು. ಸುಳ್ಳು ಗಡುವು ನಮಗೆ ಬೇಕಿಲ್ಲ.

ಸಹಕಾರ ಸಂಘದಲ್ಲಿ ಇದಕ್ಕೆ ಇನ್ನೂ ಒಂದು ತೂಕ ಇದೆ. ಖಾಸಗಿ ವ್ಯಾಪಾರಿ ಸುಳ್ಳು ಬರೆದರೆ ಅವನ ಅಂಗಡಿ ಮುಚ್ಚುತ್ತದೆ. ನಮ್ಮಲ್ಲಿ ಒಬ್ಬರು ಸುಳ್ಳು ಬರೆದರೆ ಎಲ್ಲಾ ಸದಸ್ಯರ ಬೆಲ್ಲವೂ ಸುಳ್ಳಾಗುತ್ತದೆ. ಕೆಲವು ವರ್ಷಗಳ ಹಿಂದೆ ಹೊರಗಿನ ವ್ಯಾಪಾರಿಯೊಬ್ಬರು ಸಕ್ಕರೆ ಬೆರೆಸಿದ ಬೆಲ್ಲಕ್ಕೆ ನಮ್ಮ ಊರಿನ ಹೆಸರು ಹಚ್ಚಿ ಮಾರಿದ್ದು ನಿಮಗೆಲ್ಲಾ ನೆನಪಿದೆ. ಅದಾದ ಮೇಲೆ ನಮ್ಮ ಊರಿನ ಗಾಡಿ ಕಂಡರೆ ಮೂತಿ ತಿರುಗಿಸುತ್ತಿದ್ದ ಅಂಗಡಿಗಳಿದ್ದವು. ಸುಳ್ಳು ಹೇಳಿದವರು ಯಾರೋ, ಬೆಲೆ ತೆತ್ತವರು ನಾವು. ಆ ಹೆಸರನ್ನು ಮತ್ತೆ ನೆಟ್ಟಗೆ ನಿಲ್ಲಿಸಲು ಎಷ್ಟು ದಿನ ಹಿಡಿಯಿತು ಅಂತ ಆಲೆಮನೆಯವರನ್ನು ಕೇಳಿದರೆ ಹೇಳುತ್ತಾರೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುವ ಗಾದೆ ಇಂಥ ಕಡೆಗೇ ಹೇಳಿದ್ದು.

ಬರೆಯುವ ಕ್ರಮ

ಇನ್ನು ಬರೆಯುವುದಕ್ಕೆ ಕೂತಾಗ ಅನುಕೂಲ ಆಗುವಂತೆ ಕೆಲವು ಮಾತು ಹೇಳುತ್ತೇನೆ. ಇವು ಮಾಡಿ ನೋಡಿ ಕಂಡುಕೊಂಡವು.

ಒಂದು: ಮೊದಲ ಸಾಲನ್ನು ಕೊನೆಗೆ ಬರೆಯಿರಿ. ಮೊದಲು ಮಾಲಿನ ಬಗ್ಗೆ ತಿಳಿದದ್ದನ್ನೆಲ್ಲಾ ಒಂದು ಹಾಳೆಯಲ್ಲಿ ಬರೆಯಿರಿ. ಎಲ್ಲಿ ಬೆಳೆದದ್ದು, ಯಾವತ್ತು ಮಾಡಿದ್ದು, ಏನು ಹಾಕಿದ್ದೀರಿ, ಏನು ಹಾಕಿಲ್ಲ, ಎಷ್ಟು ದಿನ ಕೆಡುವುದಿಲ್ಲ, ಬೆಲೆ ಎಷ್ಟು. ಆಮೇಲೆ ಅದರಲ್ಲಿ ಯಾವ ಮಾತು ಬೇರೆ ಯಾರೂ ಹೇಳಲಾರರೋ ಅದನ್ನು ಎತ್ತಿ ಮೇಲಿಡಿ.

ಎರಡು: ಬಾಯಿಬಿಟ್ಟು ಓದಿ. ಒಂದೇ ಉಸಿರಿನಲ್ಲಿ ಮುಗಿಯದಿದ್ದರೆ ಆ ಸಾಲು ಉದ್ದವಾಯಿತು. ಮನೆಯಲ್ಲಿ ಅವ್ವನಿಗೋ ಅಜ್ಜಿಗೋ ಓದಿ ಹೇಳಿ. ಅವರು "ಹಂಗಂದ್ರೆ ಏನ್ಲಾ?" ಅಂದರೆ ಮತ್ತೆ ಬರೆಯಿರಿ.

ಮೂರು: ಪತ್ರಿಕೆಯ ಭಾಷೆ, ಕಛೇರಿಯ ಭಾಷೆ ಬೇಡ. 'ಲಭ್ಯವಿರುತ್ತದೆ' ಅನ್ನುವುದಕ್ಕಿಂತ 'ಸಿಗುತ್ತದೆ' ಮೇಲು. 'ಉತ್ಪನ್ನ' ಅನ್ನುವುದಕ್ಕಿಂತ 'ಬೆಲ್ಲ' ಮೇಲು. ಕನ್ನಡ ಓದಲು ಬಾರದ ಗಿರಾಕಿಗಳೂ ಬೆಂಗಳೂರಿನಲ್ಲಿ ಇದ್ದಾರೆ. ಅವರಿಗೆ ಇಂಗ್ಲಿಷಿನ ಸಂದೇಶ ಬೇರೆಯೇ ಕಳಿಸಿ. ಒಂದರಲ್ಲೇ ಎರಡೂ ತುರುಕಿದರೆ ಇಬ್ಬರಿಗೂ ಅರ್ಧ ಅರ್ಧ.

ನಾಲ್ಕು: ಮೊದಲ ಸಾಲಿನ ಬೆನ್ನಿಗೇ ತೂಕ ಮತ್ತು ಬೆಲೆ ಬರಲಿ. ಬೆಲೆ ಮುಚ್ಚಿಟ್ಟು 'ಮಾಹಿತಿಗೆ ಕರೆ ಮಾಡಿ' ಅಂದರೆ ಬಹಳ ಜನ ಕರೆ ಮಾಡುವುದಿಲ್ಲ. ದುಬಾರಿ ಇರಬೇಕು ಅಂದುಕೊಂಡು ಬಿಡುತ್ತಾರೆ. ಪೊಟ್ಟಣದ ಮೇಲೆ ತೂಕ, ತಯಾರಿಸಿದ ದಿನ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ನಂಬರು ಇರಬೇಕು. ಅದರ ಫೋಟೋ ಸಂದೇಶದ ಜೊತೆ ಹೋಗಲಿ.

ಐದು: ಎರಡು ಸಾಲಿನಲ್ಲಿ ಯಾವುದು ಒಳ್ಳೆಯದು ಅಂತ ಜಗಳ ಬಂದರೆ ಜಗಳ ಆಡಬೇಡಿ, ತೂಗಿ ನೋಡಿ. ಒಂದೇ ಫೋಟೋ, ಒಂದೇ ಬೆಲೆ, ಒಂದೇ ಹೊತ್ತು. ಒಂದು ಗುಂಪಿಗೆ ಒಂದು ಸಾಲು, ಅಷ್ಟೇ ಜನ ಇರುವ ಇನ್ನೊಂದು ಗುಂಪಿಗೆ ಇನ್ನೊಂದು ಸಾಲು. ಯಾವುದಕ್ಕೆ ಹೆಚ್ಚು ಆರ್ಡರು ಬಂತು ಅಂತ ಬರೆದಿಡಿ. ಲೈಕು ಎಷ್ಟು ಬಂತು ಅಂತ ಎಣಿಸಬೇಡಿ, ಲೈಕಿನಿಂದ ಬೆಲ್ಲ ಖಾಲಿ ಆಗುವುದಿಲ್ಲ.

ಆರು: ವಾಟ್ಸಾಪಿನ ಬ್ರಾಡ್‌ಕಾಸ್ಟ್ ಪಟ್ಟಿಯಿಂದ ಕಳಿಸಿದ ಸಂದೇಶ, ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ಆದ್ದರಿಂದ ಮೊದಲ ಸಲ ಕೊಂಡವರಿಗೆ ನಂಬರು ಉಳಿಸಿಕೊಳ್ಳಿ ಅಂತ ಹೇಳುವುದನ್ನು ಮರೆಯಬಾರದು. ಹಾಗೇ ಬೆಳಿಗ್ಗೆ ಸಂಜೆ ಕಳಿಸಿ ಪೀಡಿಸಬಾರದು. ಹೇಳುವುದಕ್ಕೆ ಹೊಸ ವಿಷಯ ಇದ್ದಾಗ ಕಳಿಸಿದರೆ ಅವರೂ ತೆರೆದು ಓದುತ್ತಾರೆ.

ಇಷ್ಟನ್ನೂ ಸೇರಿಸಿ ಬರೆದರೆ ಒಂದು ಸಂದೇಶ ಹೇಗಿರುತ್ತದೆ ಅಂತ ಮಾದರಿಗೆ ಓದುತ್ತೇನೆ:

"ಈ ಬೆಲ್ಲ ಕಪ್ಪಗಿದೆ. ಬಿಳಿ ಮಾಡುವ ಹೈಡ್ರೋಸ್ ಹಾಕಿಲ್ಲ, ಅದಕ್ಕೇ. ಒಂದು ಕೆಜಿ ಅಚ್ಚು ಬೆಲ್ಲಕ್ಕೆ ಇಷ್ಟು ರೂಪಾಯಿ, ಐದು ಕೆಜಿ ತಗೊಂಡರೆ ಸಾಗಾಣಿಕೆ ನಮ್ಮದು. ನಮ್ಮ ಊರಿನ ಆಲೆಮನೆಯಲ್ಲಿ ಕಳೆದ ಮಂಗಳವಾರ ಇಳಿಸಿದ್ದು. ಗಾಳಿಯಾಡದ ಡಬ್ಬಿಯಲ್ಲಿ, ತೇವ ಇಲ್ಲದ ಕಡೆ ಇಡಿ. ಮಳೆಗಾಲದಲ್ಲಿ ಸ್ವಲ್ಪ ಮೆತ್ತಗಾಗಬಹುದು. ಬೇಕಾದವರು ಎಷ್ಟು ಕೆಜಿ, ಯಾವ ಬಡಾವಣೆ ಅಂತ ಇದೇ ನಂಬರಿಗೆ ಬರೆಯಿರಿ. ಶನಿವಾರ ಗಾಡಿ ಹೊರಡುತ್ತದೆ. ನಮಸ್ಕಾರ."

ನೋಡಿ, ನಮಸ್ಕಾರ ಎಲ್ಲೂ ಹೋಗಿಲ್ಲ, ಕೊನೆಗೆ ಬಂದಿದೆ ಅಷ್ಟೇ. ಮೆತ್ತಗಾಗಬಹುದು ಅನ್ನುವುದನ್ನೂ ನಾವೇ ಹೇಳಿದ್ದೇವೆ. ನಾಳೆ ಮೆತ್ತಗಾದರೆ ಅವರು ವಾಪಸ್ಸು ಕಳಿಸುವುದಿಲ್ಲ, ಮೊದಲೇ ಹೇಳಿದ್ದರಲ್ಲ ಅನ್ನುತ್ತಾರೆ.

ಸಂಘದ ಮುಂದೆ ಒಂದು ಸಲಹೆ

ಕಡೆಯದಾಗಿ ಆಡಳಿತ ಮಂಡಳಿಯ ಮುಂದೆ, ಸದಸ್ಯರ ಮುಂದೆ ಎರಡು ಸಲಹೆ ಇಡುತ್ತೇನೆ.

ಮೊದಲನೆಯದು, ಸಂಘದ ಕೌಂಟರಿನಲ್ಲಿ ಒಂದು ದಪ್ಪ ನೋಟ್‌ಬುಕ್ಕು ಇಡೋಣ. ಕೊಳ್ಳುವವರು ಫೋನು ಮಾಡಿದಾಗ ಏನು ಕೇಳಿದರು ಅನ್ನುವುದನ್ನು ಅವರ ಮಾತಿನಲ್ಲೇ ಅದರಲ್ಲಿ ಬರೆಯೋಣ. ಬೈದದ್ದನ್ನೂ ಬರೆಯೋಣ. ಮುಂದಿನ ವರ್ಷದ ಮೊದಲ ಸಾಲುಗಳೆಲ್ಲಾ ಆ ಪುಸ್ತಕದಲ್ಲೇ ಇರುತ್ತವೆ.

ಎರಡನೆಯದು, ಫೋನಿನ ಕೆಲಸ ನಮ್ಮ ಹುಡುಗರು, ಹುಡುಗಿಯರು ಚೆನ್ನಾಗಿ ಮಾಡುತ್ತಾರೆ. ಅವರೇ ಬರೆಯಲಿ. ಆದರೆ ಸಂಘದ ಹೆಸರಿನಲ್ಲಿ ಹೋಗುವ ಯಾವ ಬರಹವೇ ಆಗಲಿ, ಬೆಲ್ಲದ್ದಾದರೆ ಕೊಪ್ಪರಿಗೆ ಮುಂದೆ ನಿಂತವರು, ಹಿಟ್ಟಿನದಾದರೆ ರಾಗಿ ಕೇರಿದವರು ಒಮ್ಮೆ ಕೇಳಿ, ಹೌದು ಇದು ನಿಜ ಅಂದ ಮೇಲೆ ಕಳಿಸುವ ನಿಯಮ ಮಾಡಿಕೊಳ್ಳೋಣ. ಓದಲು ಬಾರದಿದ್ದರೆ ಓದಿ ಹೇಳೋಣ. ಇದರಿಂದ ಸುಳ್ಳು ನಿಲ್ಲುತ್ತದೆ, ಜೊತೆಗೆ ಬರೆಯುವ ಮಕ್ಕಳಿಗೆ ಮಾಲಿನ ಮರ್ಮ ತಿಳಿಯುತ್ತದೆ. ಎಷ್ಟೋ ಸಲ ಬರೆದವರಿಗಿಂತ ಕೇಳಿದ ಹಿರಿಯರ ಬಾಯಿಂದಲೇ ಒಳ್ಳೆ ಸಾಲು ಬಂದಿರುವುದನ್ನು ನಾನು ನೋಡಿದ್ದೇನೆ.

2025ನೇ ಇಸವಿಯನ್ನು ವಿಶ್ವಸಂಸ್ಥೆ ಅಂತಾರಾಷ್ಟ್ರೀಯ ಸಹಕಾರ ವರ್ಷ ಅಂತ ಘೋಷಿಸಿತ್ತು. ವರ್ಷ ಘೋಷಿಸಿದರೆ ಬೆಲ್ಲ ಮಾರಾಟವಾಗುವುದಿಲ್ಲ, ನಾವು ಮಾರಬೇಕು. ಇಪ್ಪತ್ತೈದು ವರ್ಷದಿಂದ ನಮ್ಮ ಸಂಘ ಕೊಟ್ಟ ಮಾತಿಗೆ ತಪ್ಪದೆ ನಡೆದುಕೊಂಡು ಬಂದಿದೆ. ಸದಸ್ಯರ ಠೇವಣಿ ಕೇಳಿದ ದಿನ ಕೊಟ್ಟಿದೆ. ಅದೇ ನಡತೆಯನ್ನು ನಮ್ಮನ್ನು ಕಣ್ಣಾರೆ ಕಾಣದ ಗಿರಾಕಿಗಳಿಗೂ ತೋರಿಸಬೇಕಾಗಿದೆ. ಅವರಿಗೆ ನಮ್ಮ ಸಂಘ ಅಂದರೆ ಆ ಮೊದಲ ಸಾಲೇ.

ನನ್ನ ಮಾತಿನಲ್ಲಿ ಹೆಚ್ಚು ಕಡಿಮೆ ಇದ್ದರೆ ಹಿರಿಯರು ತಿದ್ದಬೇಕು. 

ಜೈ ಸಹಕಾರ, ಜೈ ಕರ್ನಾಟಕ.